ಎಂಟು ಬಾರಿನ ಸಾಲು: ಹೋಲ್ಸ್ಟ್ ಬರ್ದ ಬ್ಯಾಂಡ್ ಸೂಟ್ ಹ್ಯಾಂಗ ಕೇಳಬೇಕು?

ಪ್ರಶ್ನೆ: ಸರ, ನಮ್ದು ಯಾದಗಿರಿ ಕಡಿ ಹಳ್ಳಿ, ಈಗ ಕಲಬುರಗಿಯಾಗ ಇಂಜಿನಿಯರಿಂಗ್ ಓದ್ಲಾಕತ್ತೀನಿ. ಕಾಲೇಜ್ ಬ್ಯಾಂಡ್‌ನ್ಯಾಗ ಯುಫೋನಿಯಂ, ಅಂದ್ರ ದಪ್ಪ ದನಿಯ ಹಿತ್ತಾಳಿ ವಾದ್ಯ, ಊದ್ತೀನಿ. ಈ ವರ್ಷ ಬರೀ ಪರೇಡ್ ಮಾರ್ಚ್ ಬ್ಯಾಡ, ದೊಡ್ಡದೇನರ ಮಾಡೋಣಂತ ಇಂಗ್ಲೆಂಡಿನ ಸಂಗೀತಗಾರ ಗುಸ್ತಾವ್ ಹೋಲ್ಸ್ಟ್ ಅವರ ಫಸ್ಟ್ ಸೂಟ್ ಇನ್ ಇ ಫ್ಲ್ಯಾಟ್ ಅನ್ನೋ ಮೂರು ಭಾಗದ ಪೀಸ್ ತಗೊಂಡಾರ. ಬ್ಯಾಂಡ್‌ಗಂತ ಬರ್ದಿದ್ರಾಗ ಇದಕ್ಕಿಂತ ದೊಡ್ಡ ಪೀಸ್ ಇಲ್ಲ ಅಂತಾರ ಎಲ್ಲಾರೂ. ನಾ ನಾಕೈದು ಸಲ ಮೊಬೈಲ್‌ನ್ಯಾಗ ಕೇಳ್ದೆ. ಕಡಿಗಿ ಬರೋ ಮಾರ್ಚ್ ಛಲೋ ಅನಿಸ್ತು, ಆದ್ರ ಚಕೋನ್ ಅನ್ನೋ ಮೊದಲಿನ ಭಾಗ ಅದದೇ ಅದದೇ ಬಂದಂಗ ಆತು. ನನ್ನ ಪಾರ್ಟ್‌ನ್ಯಾಗಂತೂ ಸುರುವಿನ್ಯಾಗ ಎಂಟು ಬಾರ್ (ತಾಳದ ಎಂಟು ಖಾನಿ) ಸಾದಾ ನೋಟ್, ಸ್ಪೀಡ್ ಇಲ್ಲ ಏನಿಲ್ಲ. ಇದ್ರಾಗ ಏನ್ ಕೇಳಬೇಕು, ಹ್ಯಾಂಗ ಕೇಳಬೇಕು ಜರಾ ಬಿಡಿಸಿ ಹೇಳ್ರಿ.

ಉತ್ತರ:

ತಮ್ಮಾ, ಮೊದಲ ಒಂದು ಸಣ್ಣ ಮಾತು, ಅದು ಚಕೋನ್ ಅಲ್ಲ, ಶಕೋನ್. ನಾನೂ ನಾಕು ವರ್ಷ ಚಕೋನ್ ಚಕೋನ್ ಅಂತಾನೇ ಅಡ್ಡಾಡೀನಿ, ಯಾರೂ ತಿದ್ದಲಿಲ್ಲ, ಅದಕ್ಕ ನಿಂಗ ಈಗೇ ಹೇಳಿಬಿಟ್ಟೆ, ಬ್ಯಾಸರ ಮಾಡ್ಕೋಬ್ಯಾಡ.

ನಿನ್ನ ಪ್ರಶ್ನೆ ಓದಿ ನಂಗ ನಗು ಬಂತು, ಯಾಕಂದ್ರ ನಾ ಇಪ್ಪತ್ತೆಂಟು ವರ್ಷ ಪೊಲೀಸ್ ಬ್ಯಾಂಡ್‌ನ್ಯಾಗ ಇದೇ ಯುಫೋನಿಯಂ ಎದಿಗವಚಿಕೊಂಡು ತಿರಗ್ಯಾಡೀನಿ. ಪರೇಡ್‌ನ್ಯಾಗ ಟ್ರಂಪೆಟ್‌ನವರಿಗಿ ಚಪ್ಪಾಳಿ, ಸೈಡ್ ಡ್ರಮ್‌ನವನ ಹಿಂದ ಹುಡುಗುರ ಗುಂಪು, ಬಾಸ್ ಡ್ರಮ್‌ನವಗ ಹುಲಿ ಚರ್ಮ, ನಮಗೇನು ಸೊಂಟನೋವು. ನಾವು ಊದೋದು ನಿಂತ್ರ ಬ್ಯಾಂಡ್ ಜೊಳ್ಳಾಗ್ತದ, ಆದ್ರ ಊದ್ಲಾಕತ್ತೀವಿ ಅಂತ ಯಾರಿಗೂ ಮಾಲೂಮ್ ಆಗಂಗಿಲ್ಲ. ಅಂಥಾದ್ರಾಗ ಈ ಒಂದು ಪೀಸ್ ನೋಡು, ಇದ್ರ ಬಾಗಿಲು ತೆಗಿಯೋದು ನೀನು. ನೀ ಮತ್ತ ನಿನ್ನ ಬಾಜೂಕ ಕುಂತ ಟ್ಯೂಬಾದವ, ಅಷ್ಟೇ. ಉಳಿದ ನಲವತ್ತು ಮಂದಿ ವಾದ್ಯ ತೊಡಿ ಮ್ಯಾಲ ಇಟ್ಕೊಂಡು ನಿಮ್ಮನ್ನೇ ಕೇಳ್ತಾ ಕುಂತಿರ್ತಾರ.

ಮೊದಲ ಮೊಬೈಲ್ ವಿಷಯ ಮುಗಿಸಿಬಿಡೋಣ. ನೀ ಸ್ಪೀಕರ್ ಹಚ್ಚಿ ಕೇಳೀದಿ ಅಂತ ನನ್ನ ಅನುಮಾನ. ನೀ ಸುರು ಮಾಡೋ ಇ ಫ್ಲ್ಯಾಟ್ ಅಂದಾಜು 156 ಹರ್ಟ್ಝ್, ಟ್ಯೂಬಾ ಅದಕ್ಕೂ ಕೆಳಗ ಇಳೀತದ, ಮೊಬೈಲ್‌ನ ಆ ಬೆರಳುಗುರಿನಷ್ಟು ಸ್ಪೀಕರ್‌ಗ ಈ ಜಾಗದಾಗ ಆವಾಜೇ ಇರಂಗಿಲ್ಲ. ಅಂದ್ರ ನೀ ನಾಕೈದು ಸಲ ಕೇಳಿದ್ದು ಮ್ಯಾಲಿನ ಸಾಮಾನು ಮಾತ್ರ. ಮನಿ ಪಾಯ ಕಾಣ್ಲಾರ್ದ ಬರೀ ಮಾಳಗಿ ನೋಡಿ, ಇದೇನು ಅದದೇ ಅದ ಅಂದಂಗ ಆತು. ಛಲೋ ಇಯರ್‌ಫೋನ್ ಹಾಕ್ಕೋ, ಇಲ್ಲಂದ್ರ ಗೆಳ್ಯಾನ ಮನ್ಯಾಗ ದೊಡ್ಡ ಸ್ಪೀಕರ್ ಇದ್ರ ಅಲ್ಲಿ ಕೇಳು. ಆಮ್ಯಾಲ ಮುಂದಿಂದು ಓದು.

ಈಗ ಆ ಎಂಟು ಬಾರ್. ಮೂರರ ಎಣಿಕಿ, ಎಂಟು ಬಾರ್ ಅಂದ್ರ ಇಪ್ಪತ್ನಾಕು. ನಮ್ಮ ಕಡಿ ಹೆಣ್ಮಕ್ಕಳು ಹೆಬ್ಬೆಟ್ಟಿಲೆ ಬೆರಳಿನ ಗೆಣ್ಣು ಎಣಿಸ್ತಾರಲ್ಲ, ಹಾಲಿನ ಲೆಕ್ಕಕ್ಕ, ಜಪಕ್ಕ, ಹಂಗ ಎಣಿಸು. ಒಂದು ಬೆರಳಿಗಿ ಮೂರು ಗೆಣ್ಣು, ಅದು ಒಂದು ಬಾರ್. ಒಂದು ಕೈಯಾಗ ಹೆಬ್ಬೆಟ್ಟು ಬಿಟ್ಟು ನಾಕು ಬೆರಳು, ಎರಡೂ ಕೈ ಸೇರಿ ಎಂಟು ಬೆರಳು. ಎರಡು ಕೈ ಮುಗಿದ್ವು ಅಂದ್ರ ಒಂದು ಸುತ್ತು ಮುಗೀತು, ಮತ್ತ ಮೊದಲ ಕೈಯಿಂದ ಸುರು. ಹೋಲ್ಸ್ಟ್‌ಗ ನಮ್ಮ ಗೆಣ್ಣಿನ ಲೆಕ್ಕ ಗೊತ್ತಿರಲಿಕ್ಕಿಲ್ಲ, ಆದ್ರ ಬರೋಬ್ಬರಿ ಕೂಡ್ತದ. ನಾ ಮಕ್ಕಳಿಗಿ ಕಲಸೋವಾಗ ಮೊದಲ ದಿನ ವಾದ್ಯ ಮುಟ್ಟಿಸಂಗಿಲ್ಲ, ರೆಕಾರ್ಡ್ ಹಚ್ಚಿ ಗೆಣ್ಣು ಎಣಿಸಾಕ ಹಚ್ಚತೀನಿ. ಹದಿನೈದು ಹದಿನಾರು ಸುತ್ತು ಬರ್ತಾವ, ಕಡಿದ್ರಾಗ ಜರಾ ಜಗ್ಗಾಡಿ ಮುಗಸ್ತಾನ, ಹಿಂಗಾಗಿ ಒಬ್ಬೊಬ್ರ ಲೆಕ್ಕ ಒಂದೊಂದು ಆಗ್ತದ. ಆಗವಲ್ದ್ಯಾಕ. ಎಣಿಸ್ತಾ ಎಣಿಸ್ತಾ ಮಕ್ಕಳಿಗಿ ಒಂದು ಗೊತ್ತಾಗ್ತದ, ಮ್ಯಾಲ ಏನೇ ಗದ್ದಲ ನಡೀಲಿ ಕೆಳಗ ಆ ಸಾಲು ನಿಂತಿಲ್ಲ ಅಂತ.

ಇಲ್ಲಿ ನಮ್ಮ ಮಂದಿಗಿ ಒಂದು ಸವಲತ್ತು ಅದ. ತಬಲಾ ಸೋಲೋ ಕೇಳೀದಿ ಅಲ್ಲ? ಹಾರ್ಮೋನಿಯಂದವ ಲೆಹರಾ ಹಿಡೀತಾನ, ತೀನ್ ತಾಲ್ ಆದ್ರ ಹದಿನಾರು ಮಾತ್ರೆದು ಒಂದು ಸಣ್ಣ ಧಾಟಿ, ಅದನ್ನ ತಿರಗಿಸಿ ತಿರಗಿಸಿ ಬಾರಿಸ್ತಾನ, ಒಂದು ತಾಸು ಆದ್ರೂ ಅದೇ. ತಬಲಾದವ ಅದ್ರ ಮ್ಯಾಲ ಕಾಯ್ದಾ ಹಾಕ್ತಾನ, ರೇಲಾ ಹೊಡೀತಾನ, ಎಲ್ಲೆಲ್ಲೋ ಹೋಗಿ ಮತ್ತ ಸಮ್‌ಗ, ಅಂದ್ರ ತಾಳದ ಮೊದಲ ಮಾತ್ರೆಗಿ, ಬಂದು ಬೀಳ್ತಾನ, ನಾವು ಆಹಾ ಅಂತೀವಿ. ಲೆಹರಾ ಅದದೇ ಬಂತಂತ ಯಾರೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ, ಅದು ಇರೋದಕ್ಕ ತಬಲಾದವ ಎಷ್ಟು ದೂರ ಹೋದ ಅಂತ ನಮಗ ಗೊತ್ತಾಗ್ತದ. ಶಕೋನ್ ಅಂದ್ರ ಅದೇ ಪದ್ಧತಿ. ಯುರೋಪಿನ್ಯಾಗ ಮುನ್ನೂರು ವರ್ಷಕ್ಕಿಂತ ಹಳೇ ಪದ್ಧತಿ ಅದು, ಜರ್ಮನಿಯ ಸಂಗೀತಗಾರ ಬಾಖ್ ಒಂದೇ ವಯಲಿನ್‌ಗ ಬರ್ದಿದ್ದು ಎಲ್ಲಾರಿಗೂ ಗೊತ್ತು. ಹೋಲ್ಸ್ಟ್ ಅದನ್ನ ತಂದು ಮಿಲಿಟರಿ ಬ್ಯಾಂಡ್‌ನ್ಯಾಗ ಇಟ್ಟ.

ಆದ್ರ ಒಂದು ಫರಕ್ ಅದ, ಮಜಾನೂ ಅದ್ರಾಗೇ ಅದ. ತಬಲಾ ಸೋಲೋದಾಗ ಲೆಹರಾ ಹಾರ್ಮೋನಿಯಂ ಬಿಟ್ಟು ಎಲ್ಲೂ ಹೋಗಂಗಿಲ್ಲ. ಇಲ್ಲಿ ಲೆಹರಾನೇ ಊರು ತಿರಗ್ತದ. ಮೊದಲ ಸುತ್ತು ನಿನ್ನ ಕೈಯಾಗ, ಸಣ್ಣ ಆವಾಜಿನ್ಯಾಗ. ಎರಡನೇ ಸುತ್ತಿಗಿ ಟ್ರಾಂಬೋನ್ ಕಾರ್ನೆಟ್ ಬಂದು ಕೂಡ್ತಾವ, ಆಮ್ಯಾಲ ಮರದ ವಾದ್ಯ, ಕ್ಲಾರಿನೆಟ್‌ಗಳು ಹದಿನಾರಂಶದ ನೋಟಿನ್ಯಾಗ ಮ್ಯಾಲಕ್ಕ ಕೆಳಕ್ಕ ಓಡ್ಲಾಕತ್ತಾಗ ಬ್ರಾಸ್, ಅಂದ್ರ ಹಿತ್ತಾಳಿ ವಾದ್ಯ, ದಪ್ಪ ದನಿಯಾಗ ಅದೇ ಸಾಲು ಹೇಳ್ತದ. ನೀ ಮೊಬೈಲ್‌ನ್ಯಾಗ ಕೇಳಿದ್ದು ಈ ಓಡೋ ಕ್ಲಾರಿನೆಟ್ ಇರಬೇಕು. ಆಮ್ಯಾಲ ಏಕದಂ ಎಲ್ಲಾ ಖಾಲಿ ಆಗ್ತದ, ಜಾತ್ರಿ ಮರುದಿನ ಮುಂಜಾನಿ ರಥಬೀದಿ ಇದ್ದಂಗ. ಒಂದು ಹಾರ್ನ್, ಅದ್ರ ಸುತ್ತ ನಾಕೈದು ವಾದ್ಯ, ಒಬ್ಬೊಬ್ರೇ. ಈ ಜಾಗದಾಗ ಕಿವಿ ಸವಕಾಸ ಬಿಡು, ಆತುರ ಮಾಡಬ್ಯಾಡ.

ಇದಾದ ಮ್ಯಾಲ ಅವ ಒಂದು ಆಟ ಆಡ್ಯಾನ, ಮೊದಲ ಸಲ ಕೇಳೋರಿಗಿ ಹತ್ತಂಗಿಲ್ಲ. ಸಾಲನ್ನ ತಲಿಕೆಳಗ ಮಾಡ್ಯಾನ. ಸ್ವರ ಮ್ಯಾಲ ಹೋದಲ್ಲಿ ಕೆಳಗ ಇಳಿತದ, ಕೆಳಗ ಇಳಿದಲ್ಲಿ ಮ್ಯಾಲ ಏರ್ತದ, ಬಣ್ಣ ಮೇಜರ್‌ದಿಂದ ಮೈನರ್‌ಗ ತಿರಗ್ತದ. ಬಾವಿ ದಂಡಿಗಿ ನಿಂತವ ನೀರಾಗ ತನ್ನ ನೆರಳು ನೋಡ್ಕೊಂಡಂಗ, ಮಾರಿ ಅದೇ, ಆದ್ರ ಕಪ್ಪಗ, ಜರಾ ನಡಗ್ಲಾಕತ್ತದ. ಗೆಣ್ಣು ಎಣಿಸೋದು ಬಿಟ್ಟಿರಲಿಲ್ಲ ಅಂದ್ರ ನಿಂಗ ಗೊತ್ತಾಗ್ತದ, ಎಂಟು ಬೆರಳಿನ ಲೆಕ್ಕ ಮುರದಿಲ್ಲ, ಸಾಲು ಮಾತ್ರ ತಿರಗ್ಯಾದ. ಅಲ್ಲಿಂದ ಕೆಳಗಿಂದ ಒಂದೊಂದೇ ಕಲ್ಲು ಏರಿಸಿದಂಗ ದನಿ ಏರ್ತಾ ಏರ್ತಾ ಕಡಿಗಿ ಪೂರಾ ಬ್ಯಾಂಡ್ ಎದ್ದು ನಿಂತು ನಿನ್ನ ಅದೇ ಸಾದಾ ನೋಟ್ ಎದಿ ಬಿಚ್ಚಿ ಹೇಳ್ತದ. ನೀ ಪಿಸಿಪಿಸಿ ಹೇಳಿದ ಮಾತು ಐದು ನಿಮಿಷದಾಗ ಇಡೀ ಊರಿನ ಮಾತು ಆತು. ಇದನ್ನ ನೀ ಅದದೇ ಅಂತೀ!

ಇನ್ನ ಮೂರು ಸ್ವರದ ಗುಟ್ಟು. ಮೊದಲ ಮೂರು ನೋಟ್ ಹಾಡ್ಕೋ: ಇ ಫ್ಲ್ಯಾಟ್, ಎಫ್, ಸಿ. ಇ ಫ್ಲ್ಯಾಟನ್ನ ಸಾ ಅಂತ ಹಿಡದ್ರ ಸಾ, ರೇ, ಧ. ಒಂದು ಮೆಟ್ಟಿಲು ಏರಿ, ಆಮ್ಯಾಲ ಒಮ್ಮೆಲೇ ಪಂಚಮದಷ್ಟು ಜಿಗಿತ. ಮೂರು ಮೂವ್‌ಮೆಂಟ್ ಅವ, ಶಕೋನ್, ಇಂಟರ್ಮೆಝೋ, ಮಾರ್ಚ್, ಮೂರಕ್ಕೂ ಬೀಜ ಇದೇ. ಇಂಟರ್ಮೆಝೋದಾಗ ಇದೇ ಬೀಜ ಕುಣೀತದ, ಸಿ ಮೈನರ್, ಎರಡರ ಎಣಿಕಿ, ಓಬೋ, ಸಣ್ಣ ಕ್ಲಾರಿನೆಟ್, ಬಾಯಿಗಿ ಮ್ಯೂಟ್ (ದನಿ ತಗ್ಗಿಸೋ ಮುಚ್ಚಳ) ಹಾಕಿದ ಕಾರ್ನೆಟ್, ಭಾಳ ಹಗುರ. ಮಾರ್ಚ್ ಸುರುವಾಗೋ ಬ್ರಾಸ್ ಧಾಟಿ ಅದ ಅಲ್ಲ, ನಿಂಗ ಛಲೋ ಅನಿಸಿದ್ದು, ಅದು ಈ ಮೂರು ಸ್ವರ ತಲಿಕೆಳಗ ಮಾಡಿದ್ದು: ಸಾ, ಕೆಳಗಿನ ನಿ, ಆಮ್ಯಾಲ ಮ್ಯಾಲಿನ ಗ ಬಿಟ್ಟು ಕೆಳಗಿನ ಗ. ಆಮ್ಯಾಲ ಮಾರ್ಚ್‌ನ್ಯಾಗ ಮರದ ವಾದ್ಯದವರು ಉದ್ದ ಉಸಿರಿನ ಇನ್ನೊಂದು ಧಾಟಿ ತರ್ತಾರ, ಅದು ನೆಟ್ಟಗ ನಿಂತ ಸಾ ರೇ ಧ ಜಿಗಿತದಿಂದಾನೇ ಹುಟ್ಟಿದ್ದು. ಅಂದ್ರ ನಿಂಗ ಛಲೋ ಅನಿಸಿದ್ದು ಮತ್ತ ಬ್ಯಾಸರ ಬಂದಿದ್ದು ಎರಡೂ ಒಂದೇ ತಾಯಿ ಮಕ್ಕಳು.

ಇದಕ್ಕೇ ಹೋಲ್ಸ್ಟ್ ಸ್ಕೋರಿನ್ಯಾಗ ಬರ್ದಿಟ್ಟಾನ, ಮೂರೂ ಭಾಗ ಒಂದೇ ಸಾಲಿನ ಮ್ಯಾಲ ಕಟ್ಟಿದ್ದಾವ, ಅದಕ್ಕ ನಡುವ ನಿಲ್ಲಿಸ್ದಂಗ ಪೂರಾ ಬಾರಿಸ್ರಿ ಅಂತ. ಈ ಮಾತು ಎಷ್ಟು ಖರೇ ಅಂತ ನಂಗ ಪೆಟ್ಟು ತಿಂದು ಗೊತ್ತಾಗ್ಯಾದ. ಒಂದು ಸಂಜಿ ಕಾರ್ಯಕ್ರಮ, ಊರು ಬ್ಯಾಡ, ಸಂಸ್ಥೆ ಹೆಸರೂ ಬ್ಯಾಡ. ನಾವು ಎರಡು ತಿಂಗಳು ತಯಾರಿ ಮಾಡಿದ್ವಿ. ಶಕೋನ್ ಮುಗೀತು, ಕಡೀ ಕಾರ್ಡ್ ಇನ್ನೂ ಹಾಲ್‌ನ್ಯಾಗ ಗುಂಯ್ ಅಂತಿತ್ತು, ಬ್ಯಾಂಡ್‌ಮಾಸ್ಟರ್ ಕೈ ಮ್ಯಾಲೇ ಇತ್ತು, ಅಷ್ಟರಾಗ ನಿರೂಪಣಾ ಮಾಡವ ಮೈಕ್ ಹಿಡದು, ಅದ್ಭುತವಾಗಿ ನುಡಿಸಿದ ಕಲಾವಿದರಿಗೆ ಜೋರಾದ ಚಪ್ಪಾಳೆ, ಈಗ ಮುಖ್ಯ ಅತಿಥಿಗಳಿಗೆ ಸನ್ಮಾನ ಅಂದುಬಿಟ್ಟ. ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿ ಬಂತು, ಫೋಟೋದವ ಇನ್ನೊಮ್ಮೆ ಹಾಕ್ರಿ ಅಂದ, ಇನ್ನೊಮ್ಮೆ ಹಾಕಿದ್ರು. ಇಪ್ಪತ್ತು ನಿಮಿಷ ಆದ ಮ್ಯಾಲ ಇಂಟರ್ಮೆಝೋ ಸುರು ಮಾಡಿದ್ವಿ. ಯಾರ ಕಿವಿಯಾಗ ಆ ಮೂರು ಸ್ವರ ಉಳದಿದ್ವು ಹೇಳು? ನಮ್ಮ ಕಿವಿಯಾಗೇ ಉಳದಿರಲಿಲ್ಲ. ನೀವು ಬಾರಿಸೋವಾಗ ಮೈಕ್ ಹಿಡಿಯೋವನಿಗಿ ಮೊದಲೇ ಹೋಗಿ ಹೇಳು, ಬರದೂ ಕೊಡು, ಇದು ಮೂರು ಸೇರಿ ಒಂದೇ ಅಂತ. ಹತ್ತು ಹನ್ನೊಂದು ನಿಮಿಷದ ಮಾತು, ಶಾಲು ಎಲ್ಲೂ ಓಡಿ ಹೋಗಂಗಿಲ್ಲ.

ಹೋಲ್ಸ್ಟ್ ಯಾರು ಅಂತ ನೀ ಕೇಳಿಲ್ಲ, ಆದ್ರೂ ಜರಾ ಹೇಳ್ತೀನಿ ಯಾಕಂದ್ರ ನಮ್ಮ ಜಾತಿ ಮನಷ್ಯಾ ಅವ, ಅಂದ್ರ ಊದೋ ಜಾತಿ. 1874ರಾಗ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನ್ಯಾಗ ಹುಟ್ಟಿದ. ಪಿಯಾನೋ ಬಾರಿಸೋವ ಆಗಬೇಕಿತ್ತು, ಬಲಗೈ ನರದ ಬ್ಯಾನಿ ಹತ್ತಿ ಅದು ಆಗ್ಲಿಲ್ಲ, ಟ್ರಾಂಬೋನ್ ಹಿಡದ. ಆಪೆರಾ ಕಂಪನ್ಯಾಗ, ಆರ್ಕೆಸ್ಟ್ರಾದಾಗ, ಸಮುದ್ರ ದಂಡಿ ಊರುಗಳ ಬ್ಯಾಂಡ್‌ನ್ಯಾಗ ಟ್ರಾಂಬೋನ್ ಊದಿ ಹೊಟ್ಟಿ ಹೊರಕೊಂಡ. ಹಿಂದಿನ ಸಾಲಿನ್ಯಾಗ ಕುಂತು ನೂರು ಬಾರ್ ರೆಸ್ಟ್ ಎಣಿಸಿದವಗ ಹಿಂದಿನ ಸಾಲಿನವರ ಕಷ್ಟ ಗೊತ್ತಿರ್ತದ, ಇವನ ಪಾರ್ಟ್‌ಗಳು ನೋಡಿದ್ರ ಅದು ಕಾಣ್ತದ, ಯಾರನ್ನೂ ಸುಮ್ನ ಕುಂದರಿಸಿಲ್ಲ, ಯಾರಿಗೂ ಸುಮ್ಮಸುಮ್ಮನ ತೌಡು ಕುಟ್ಟಸಿಲ್ಲ. 1905ರಿಂದ ಲಂಡನ್‌ನ ಸೇಂಟ್ ಪಾಲ್ಸ್ ಹೆಣ್ಮಕ್ಕಳ ಶಾಲಾದಾಗ ಮಾಸ್ತರಿಕಿ ಮಾಡ್ದ, ರಜಾ ಸಿಕ್ಕಾಗ ಬರೀತಿದ್ದ. ಈ ಸೂಟ್ ಬರದಿದ್ದು 1909ರಾಗ, ಮಂದಿ ಮುಂದ ಬಂದಿದ್ದು ಮಾತ್ರ 1920ರಾಗ, ನೆಲ್ಲರ್ ಹಾಲ್ ಅಂತ ಬ್ರಿಟಿಷ್ ಸೈನ್ಯದ ಸಂಗೀತ ಶಾಲಾದಾಗ. ಹನ್ನೊಂದು ವರ್ಷ! ಅಷ್ಟರಾಗ ಅವ ಗ್ರಹಗಳ ಮ್ಯಾಲ ಆ ದೊಡ್ಡ ಆರ್ಕೆಸ್ಟ್ರಾ ಪೀಸ್ ಬರ್ದು ಮುಗಿಸಿ ಹೆಸರುವಾಸಿ ಆಗಿದ್ದ.

ಆ ಕಾಲಕ್ಕ ಬ್ಯಾಂಡ್ ಅಂದ್ರ ಏನಿತ್ತು ಅಂದ್ರ, ಒಂದು ಮಾರ್ಚ್, ಇಲ್ಲಂದ್ರ ಆರ್ಕೆಸ್ಟ್ರಾದವರು ಬಾರಿಸಿದ್ದನ್ನ, ಆಪೆರಾದ ಹಾಡನ್ನ ಕತ್ತರಿಸಿ ಬ್ಯಾಂಡ್‌ಗ ಹೊಲದು ಕೊಟ್ಟಿದ್ದು. ಅಣ್ಣನ ಅಂಗಿ ತಮ್ಮಗ ಹಾಕಿದಂಗ. ಇವ ಬ್ಯಾಂಡ್‌ಗಂತಾನೇ ಅಳತಿ ತಗೊಂಡು ಹೊಸ ಅಂಗಿ ಹೊಲದ. ಮತ್ತ ಶಾಣ್ಯಾ ಹ್ಯಾಂಗ ಅಂದ್ರ, ಒಂದೊಂದು ಊರಾಗ ಒಂದೊಂದು ಥರ ಬ್ಯಾಂಡ್ ಇರ್ತಾವಂತ ಗೊತ್ತಿದ್ದು ಕೆಲವು ಪಾರ್ಟ್ ಇದ್ರ ಇರ್ಲಿ ಇಲ್ಲಂದ್ರ ನಡೀತದ ಅಂತ ಗುರ್ತು ಹಾಕ್ಯಾನ. ಹಿಂಗಾಗಿ ನಿಮ್ಮಲ್ಲಿ ಆ ಗುರ್ತು ಹಾಕಿದ ವಾದ್ಯ ಇಲ್ಲ ಅಂತ ಯಾರರ ತಲಿ ಕೆಡಿಸ್ಕೊಂಡ್ರ ಸುಮ್ನ ಇರ್ರಿ ಅನ್ನು. ಒಂದು ಸಲಹೆ, ಹಳೇ ಪ್ರಿಂಟಿನ ಪಾರ್ಟ್ ಯಾರಾರ ಜೆರಾಕ್ಸ್ ಮಾಡಿ ಕೊಟ್ಟಿದ್ರ ತಪ್ಪು ಭಾಳ ಇರ್ತಾವ, 1984ರಾಗ ಕಾಲಿನ್ ಮ್ಯಾಥ್ಯೂಸ್ ತಿದ್ದಿದ ಆವೃತ್ತಿ ಬಂದದ, ಅದು ಸಿಕ್ರ ನೋಡ್ರಿ.

ಹೋಲ್ಸ್ಟ್ ಸಂಸ್ಕೃತ ಕಲ್ತಿದ್ದ ಅಂತ ನೀ ಎಲ್ಲೋ ಓದ್ತೀ, ಅದು ಖರೇ. ಋಗ್ವೇದದ ಸೂಕ್ತಗಳನ್ನ ತಾನೇ ಇಂಗ್ಲಿಷಿಗಿ ಮಾಡ್ಕೊಂಡು ಕೋರಸ್‌ಗ ಹಾಕ್ಯಾನ, ಸಾವಿತ್ರಿ ಕತಿ ಮ್ಯಾಲ ಸಣ್ಣ ಆಪೆರಾ ಬರ್ದಾನ, ಎಲ್ಲಾ ಈ ಸೂಟ್ ಬರ್ದ ಆಜೂಬಾಜೂ ವರ್ಷದಾಗೇ. ಅಷ್ಟಕ್ಕ ನಮ್ಮ ಮಂದಿ ಈ ಸೂಟ್‌ನ್ಯಾಗ ಭೂಪಾಲಿ ಕಾಣ್ತದ ಭೈರವಿ ಕಾಣ್ತದ ಅಂತ ಸುರು ಮಾಡ್ತಾರ. ನಂಗೇನೂ ಕಾಣಂಗಿಲ್ಲಪಾ. ಇದು ಇಂಗ್ಲೆಂಡಿನ ಹಳ್ಳಿ ಪದದ ವಾಸನಿ ಇರೋ ಧಾಟಿ. ಲೆಹರಾ ಹೋಲಿಕಿ ಕೊಟ್ಟಿದ್ದು ನಾನು, ನಿನ್ನ ಕಿವಿಗಿ ಒಂದು ಹಿಡಿಕಿ ಸಿಗ್ಲಿ ಅಂತ, ಅವ ಲೆಹರಾ ಕೇಳಿ ಬರ್ದ ಅಂತ ಅಲ್ಲ.

ಈಗ ಮಾರ್ಚ್‌ಗ ಬಾ, ನಿಂಗ ಯಾಕ ಛಲೋ ಅನಿಸ್ತು ಅಂತ ನೋಡೋಣ. ಇಂಟರ್ಮೆಝೋ ಮುಗಿಯೋದು ಹ್ಯಾಂಗ ಅಂದ್ರ, ಎರಡು ಧಾಟಿ ಒಂದ್ರ ಮ್ಯಾಲ ಒಂದು ಕೂಡಿ, ಮೈನರ್ ಹೋಗಿ ಮೇಜರ್ ಆಗಿ, ಕಾಲಿನ ತುದಿ ಮ್ಯಾಲ ನಡದು ಬಾಗಿಲು ದಾಟಿ ಹೋದಂಗ ಮಾಯ ಆಗ್ತದ. ಕಿವಿ ಇನ್ನೂ ಆ ಕಡಿ ಇದ್ದಾಗೇ ಢಮ್ ಅಂತ ಮಾರ್ಚ್ ಸುರು, ಬ್ರಾಸ್ ಮತ್ತ ಡ್ರಮ್, ಮರದ ವಾದ್ಯದವರು ಸುಮ್ನ. ಆಮ್ಯಾಲ ನಡುವ ಬ್ರಾಸ್ ಹಿಂದ ಸರದು ಮರದ ವಾದ್ಯದವರು ಆ ಉದ್ದನ ಧಾಟಿ ಹಾಡ್ತಾರ. ಇಲ್ಲಿತನಕ ಎರಡು ಬ್ಯಾರೆ ಬ್ಯಾರೆ ಮನಿ.

ನಮ್ಮ ಕಲಬುರಗಿಯಾಗ ಲಗ್ನದ ದಿನಮಾನದಾಗ ನೀ ನೋಡಿರ್ತೀ, ಸೂಪರ್ ಮಾರ್ಕೆಟ್ ಕಡಿಂದ ಒಂದು ಬರಾತ್ ಬರ್ತದ, ಅದ್ರ ಬ್ಯಾಂಡ್‌ನವ ಸಿನಿಮಾ ಹಾಡು ಹಚ್ಚ್ಯಾನ, ಜಗತ್ ಸರ್ಕಲ್ ಹತ್ರ ಇನ್ನೊಂದು ಬರಾತ್ ಎದುರಿಗಿ, ಅವರದು ಬ್ಯಾರೆ ಹಾಡು, ಬ್ಯಾರೆ ಲಯ, ಇಬ್ರೂ ಬಿಡಂಗಿಲ್ಲ, ಕುದರಿ ಬೆದರ್ತದ, ಟ್ರಾಫಿಕ್‌ದವ ತಲಿ ಹಿಡ್ಕೋತಾನ. ಈಗ ಹಂಗ ಎದುರಾಬದುರಾ ಬಂದ ಎರಡು ಮೆರವಣಿಗಿ ಸರ್ಕಲ್‌ನ್ಯಾಗ ಕೂಡಿದ ಗಳಿಗಿಗಿ ಎರಡೂ ಹಾಡು ಒಂದಕ್ಕೊಂದು ಹೊಂದಿ, ಅರೆ ಇವು ಮೊದಲಿಂದ ಒಂದಕ್ಕೊಂದು ಮಾಡಿಟ್ಟ ಜೋಡಿ ಅಂತ ಅನಿಸಿದ್ರ ಹ್ಯಾಂಗಿರ್ತದ? ಮಾರ್ಚ್‌ನ ಕಡೀ ಭಾಗ ಅದೇ. ಬ್ರಾಸಿನ ಗಡಸು ಧಾಟಿ ಮತ್ತ ಮರದ ವಾದ್ಯದ ಉದ್ದನ ಧಾಟಿ ಎರಡೂ ಒಮ್ಮೆಗೇ ನಡೀತಾವ. ಕೂಡೋದು ಯಾಕ ಅಂದ್ರ ಎರಡ್ರ ಬೀಜ ಆ ಸಾ ರೇ ಧ. ನಿಂಗ ಅಲ್ಲಿ ಮೈ ಜುಂ ಅಂದಿರಬೇಕು, ಆದ್ರ ಅದ್ರ ಸಾಲ ತೀರಿಸಿದ್ದು ಶಕೋನ್‌ನ್ಯಾಗ ನೀ ಊದಿದ ಎಂಟು ಬಾರ್.

ಯಾವ ರೆಕಾರ್ಡಿಂಗ್ ಕೇಳಬೇಕು ಅಂದ್ರ ನಾ ಎರಡು ಹೇಳ್ತೀನಿ, ಎರಡೂ ಒಬ್ಬನದೇ, ಫ್ರೆಡರಿಕ್ ಫೆನಲ್ ಅಂತ ಅಮೆರಿಕದ ಕಂಡಕ್ಟರ್. 1952ರಾಗ ಈಸ್ಟ್‌ಮನ್ ವಿಂಡ್ ಎನ್‌ಸೆಂಬಲ್ ಕಟ್ಟಿದವ, ಒಂದೊಂದು ಪಾರ್ಟ್‌ಗ ಒಬ್ಬೊಬ್ರೇ ಕುಂದ್ರೋ ಪದ್ಧತಿ ತಂದ. 1955ರಾಗ ಅವರ ಜೋಡಿ ಈ ಸೂಟ್ ರೆಕಾರ್ಡ್ ಮಾಡ್ಯಾನ, ಸಾಲು ಸಾಲು ಬಿಡಿಸಿಟ್ಟಂಗ ಕೇಳ್ತದ, ನಿನ್ನಂಥ ಕಲಿಯೋರಿಗಿ ಅದು. 1978ರಾಗ ಕ್ಲೀವ್‌ಲ್ಯಾಂಡ್ ಸಿಂಫೋನಿಕ್ ವಿಂಡ್ಸ್ ಜೋಡಿ ಮತ್ತ ಮಾಡ್ಯಾನ, ಡಿಜಿಟಲ್ ರೆಕಾರ್ಡಿಂಗ್ ಹೊಸದಾಗಿ ಬಂದ ಕಾಲ, ಅದ್ರ ಬಾಸ್ ಡ್ರಮ್ ಎಷ್ಟು ಆಳಕ್ಕ ಹೋಗ್ತದ ಅಂದ್ರ ಸ್ಪೀಕರ್ ಪರೀಕ್ಷಾ ಮಾಡ್ಲಾಕ ಮಂದಿ ಅದನ್ನೇ ಹಚ್ತಿದ್ರು. ನಂಗ 1955ರದೇ ಮನಸಿಗಿ ಹತ್ತಿರ, ಡ್ರಮ್ ಕೇಳಿ ಮಂದಿ ಸಾಲು ಮರೀತಾರ ಅನಿಸ್ತದ, ಮುದುಕ ಆಗೀನಿ ಅಂತ ತಿಳ್ಕೋ.

ಇಷ್ಟು ಕೇಳೋ ಮಾತಾತು, ಊದೋದು ಉಳೀತು. ಮೊದಲ ನೋಟ್ ಇ ಫ್ಲ್ಯಾಟ್, ಒಂದನೇ ವಾಲ್ವ್. ಎಫ್, ವಾಲ್ವ್ ಪೂರಾ ಬಿಟ್ಟು. ಸಿ, ಮತ್ತ ಒಂದನೇ ವಾಲ್ವ್. ಬೆರಳಿಗಿ ಹಸುಗೂಸಿನ ಕೆಲಸ, ಅದಕ್ಕೇ ನೀ ಸಾದಾ ಅಂದೀ. ತುಟಿಗಿ ಕೇಳು ಸಾದಾ ಅದ ಏನಂತ. ಎಫ್‌ದಿಂದ ಸಿಗಿ ಹಾರೋವಾಗ ಬೆರಳು ಒತ್ತಿದ ಕ್ಷಣಕ್ಕ ತುಟಿ ಬಿಗಿ ಆಗಬೇಕು, ಒಂದು ಕೂದಲೆಳಿ ತಡ ಆದ್ರ ನಡುವ ಒಂದು ಬ್ಯಾಡಾದ ಸ್ವರ ಕೆಮ್ಮಿದಂಗ ಬರ್ತದ, ಮತ್ತ ಆವಾಗ ಬ್ಯಾಂಡ್‌ನ್ಯಾಗ ನಿಮ್ಮಿಬ್ರನ್ನ ಬಿಟ್ರ ಯಾರೂ ಊದ್ಲಾಕತ್ತಿಲ್ಲ, ಮುಚ್ಚಾಕ ಒಂದು ಡ್ರಮ್ಮೂ ಇಲ್ಲ. ಇನ್ನೊಂದು, ಆ ಸಿ ಸ್ವರ ನಮ್ಮ ಕೊಳವಿಯಾಗ ಐದನೇ ಹಾರ್ಮೋನಿಕ್, ಅಂದ್ರ ಒಂದೇ ಬೆರಳಿಗಿ ತುಟಿ ಬಿಗಿ ಮಾಡ್ತಾ ಹೋದಂಗ ಬರೋ ಸ್ವರದಾಗ ಐದನೇದು, ಅದು ಹುಟ್ಟಾನೇ ಜರಾ ಇಳದಿರ್ತದ. ಕಿವಿಲೆ ಎತ್ತಿ ಹಿಡಿಬೇಕು. ನಮ್ಮ ಕಡಿ ಬ್ಯಾಸಿಗ್ಯಾಗ ಉಲ್ಟಾ ಗೋಳು, ನಲವತ್ತೆರಡು ಡಿಗ್ರಿ ಇದ್ದಾಗ ಕೊಳವಿ ಒಳಗಿನ ಗಾಳಿ ಕಾಯ್ದು ಪೂರಾ ವಾದ್ಯಾನೇ ಮ್ಯಾಲ ಏರ್ತದ, ಸ್ಲೈಡ್ ಎಷ್ಟು ಹೊರಗ ಎಳದ್ರೂ ಸಾಲಂಗಿಲ್ಲ, ಏಪ್ರಿಲ್ ತಿಂಗಳದಾಗ ಗ್ರೌಂಡ್‌ನ್ಯಾಗ ಪ್ರಾಕ್ಟೀಸ್ ಇಟ್ರ ಮುಂಜಾನಿ ಏಳರ ಒಳಗ ಮುಗಿಸ್ರಿ ಅಂತ ಮಾಸ್ತರಿಗಿ ಹೇಳು.

ಉಸಿರು: ಎರಡು ಬಾರ್‌ಗೊಮ್ಮೆ ಬಾಯಿ ತೆರೀಬ್ಯಾಡ. ನಾಕು ಬಾರ್ ಒಂದು ಉಸಿರು, ಆಗ್ಲಿಲ್ಲ ಅಂದ್ರ ಟ್ಯೂಬಾದವನ ಜೋಡಿ ಮಾತಾಡ್ಕೊಂಡು ಅವ ತಗೋವಾಗ ನೀ ತಗೋಬ್ಯಾಡ, ನೀ ತಗೋವಾಗ ಅವ ಬ್ಯಾಡ, ಸಾಲು ಹರೀಬಾರ್ದು. ಸಣ್ಣ ಆವಾಜ್ ಅಂದ್ರ ಸತ್ತ ಆವಾಜ್ ಅಲ್ಲ, ಹಿಂದಿನ ಕುರ್ಚಿಯಾಗ ಕುಂತ ಮುದುಕಿಗಿ ಕೇಳಬೇಕು ಮತ್ತ ಅಕಿ ಮಗ್ಗಲಿನ ಕೂಸು ಏಳಬಾರ್ದು, ಅಷ್ಟು.

ನಂಗ ಈ ಪೀಸ್ ಕಲಿಸಿದ ಉಸ್ತಾದರು ಒಂದು ಕೆಲಸ ಮಾಡಸ್ತಿದ್ರು. ಟ್ರೇನಿಂಗ್‌ಗ ಹೋದಾಗ ಮೊದಲ ದಿನ ಪೂರಾ ಮುಂಜಾನಿ ಎಲ್ಲಾರ ಕೈಯಾಗೂ ನಮ್ಮ ಎಂಟು ಬಾರ್ ಕೊಟ್ರು, ಕ್ಲಾರಿನೆಟ್‌ಗೂ ಅದೇ, ಕಾರ್ನೆಟ್‌ಗೂ ಅದೇ, ಸೈಡ್ ಡ್ರಮ್‌ನವನಿಗಿ ಹಾಡು ಅಂದ್ರು, ಅವ ನಾಚಿ ನಾಚಿ ಹಾಡಿದ. ಚಾ ಕುಡದು ಬಂದ ಮ್ಯಾಲ, ಈಗ ನಿಮ್ಮ ನಿಮ್ಮ ಪಾರ್ಟ್ ತೆಗೀರಿ, ಇದನ್ನ ತಲಿಯಾಗ ಹಾಡ್ಕೋತ ಅದನ್ನ ಬಾರಿಸ್ರಿ ಅಂದ್ರು. ನಿಮ್ಮ ಮಾಸ್ತರಿಗಿ ಇದನ್ನ ಹೇಳಿ ನೋಡು. ಕ್ಲಾರಿನೆಟ್ ಕಾರ್ನೆಟ್‌ನವರಿಗಿ ಬರಕೊಡೋವಾಗ ಒಂದು ಸ್ವರ ಏರಿಸಿ ಎಫ್, ಜಿ, ಡಿ ಅಂತ ಸುರು ಮಾಡಿ ಬರೀ, ಅವರದು ಬಿ ಫ್ಲ್ಯಾಟ್ ವಾದ್ಯ, ಇದು ಮರ್ತು ನಾ ಒಮ್ಮೆ ಇಪ್ಪತ್ತು ಮಂದಿ ಕೈಲೆ ಬೈಸ್ಕೊಂಡೀನಿ.

ಮತ್ತ ಶಕೋನ್ ಮುಗಿದ ಕೂಡ್ಲೆ ವಾಟರ್ ಕೀ ಒತ್ತಿ ನೀರು ಇಳಿಸ್ಲಾಕ ಹೋಗಬ್ಯಾಡ, ಆ ಫುಸ್ ಅನ್ನೋ ಆವಾಜ್ ಹಾಲ್‌ನ್ಯಾಗ ಕೇಳ್ತದ. ಇಂಟರ್ಮೆಝೋ ಸುರುವಿನ್ಯಾಗ ಮ್ಯಾಲಿನ ವಾದ್ಯದವರು ಕುಣಿಯೋವಾಗ ನಿಂಗ ಪುರುಸೊತ್ತು ಸಿಗ್ತದ, ಆವಾಗ ಮೆಲ್ಲಕ ಇಳಿಸ್ಕೋ.